ಗಾಳಿ ಇದ್ದಷ್ಟೇ ಪೆಟ್ರೋಲು: ಹಳೆಯ ಬುಲೆಟ್ ಹಿಮಾಲಯ ಹತ್ತಿದ ಕಥೆ

ಕಳೆದ ಬೇಸಿಗೆ ರಜೆಯಲ್ಲಿ ಒಂದು ಸಂಜೆ ಮನೆಯ ಅಂಗಳದಲ್ಲಿ ಡುಗ್ ಡುಗ್ ಸದ್ದು ಕೇಳಿಸಿತು. ಹೊರಗೆ ಬಂದು ನೋಡಿದರೆ ನನ್ನ ಹಳೆಯ ವಿದ್ಯಾರ್ಥಿ. ಏಳನೇ ತರಗತಿಯವರೆಗೆ ನಮ್ಮ ಶಾಲೆಯಲ್ಲೇ ಕಲಿತವನು, ಈಗ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಬಂದದ್ದು ಅವನ ಅಪ್ಪನ ಬುಲೆಟ್‌ನಲ್ಲಿ. 1986ರ ಗಾಡಿ. ಅಪ್ಪ ಸೇನೆಯಲ್ಲಿ ಲಾರಿ ಚಾಲಕರಾಗಿದ್ದರು, ಲಡಾಖಿನಲ್ಲಿ ಮೂರು ವರ್ಷ ಇದ್ದವರು. ನಿವೃತ್ತರಾಗಿ ಬಂದ ಮೇಲೆ ಈ ಗಾಡಿ ಕೊಂಡರು. "ಒಂದು ಸಲ ಇದರಲ್ಲೇ ಖರ್ದುಂಗ್ ಲಾ ಹತ್ತಬೇಕು" ಎಂದು ಹೇಳುತ್ತಲೇ ಇದ್ದರಂತೆ. ಅದು ಆಗಲಿಲ್ಲ. ಎರಡು ವರ್ಷದ ಹಿಂದೆ ತೀರಿಕೊಂಡರು.

"ಸಾರ್, ನಾನು ಹೋಗುವ ಅಂತ ಇದ್ದೇನೆ. ಆದರೆ ಗ್ಯಾರೇಜಿನವರು ನಗುತ್ತಾರೆ. ಈ ಗುಜರಿ ಅಲ್ಲಿಗೆ ಹತ್ತುವುದಿಲ್ಲ, ಮಾರಿ ಹೊಸತು ತೆಗೆದುಕೋ ಅನ್ನುತ್ತಾರೆ. ಹತ್ತುತ್ತದಾ ಸಾರ್?"

ನಾನು ಮೆಕ್ಯಾನಿಕ್ ಅಲ್ಲ, ಪಾಠ ಹೇಳುವ ಮಾಸ್ತರು. ಆದರೂ ಅವನು ನನ್ನಲ್ಲಿಗೆ ಬಂದದ್ದಕ್ಕೆ ಕಾರಣ ಇದೆ. ಹಿಂದೊಮ್ಮೆ ನಾನೂ ಒಂದು ಹಳೆಯ ಬುಲೆಟ್‌ನಲ್ಲಿ ಆ ದಾರಿ ಹತ್ತಿ, ಇಳಿಯುವಾಗ ಬಿದ್ದು ಬಂದಿದ್ದೆ. ಆ ಕಥೆ ಅವನಿಗೆ ತರಗತಿಯಲ್ಲೇ ಗೊತ್ತಿತ್ತು. ಅವನಿಗೆ ಅಂದು ಹೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮಕ್ಕಳು ವಿಜ್ಞಾನ ಪುಸ್ತಕದಲ್ಲಿ 'ವಾಯುವಿನ ಒತ್ತಡ' ಎಂದು ಬಾಯಿಪಾಠ ಮಾಡುತ್ತಾರಲ್ಲ, ಆ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಔಷಧಿ ಪಂಪಿನ ನಾಜಲ್

ಮೊದಲು ಎಂಜಿನ್ನಿನ ಹೊಟ್ಟೆಯೊಳಗೆ ಏನಾಗುತ್ತದೆ ನೋಡೋಣ. ಒಂದು ಗ್ರಾಂ ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ಸುಮಾರು 15 ಗ್ರಾಂ ಗಾಳಿ ಬೇಕು. ಈ ಲೆಕ್ಕವನ್ನು ಸರಿದೂಗಿಸುವ ಯಂತ್ರಕ್ಕೆ ಕಾರ್ಬ್ಯುರೇಟರ್ ಎಂದು ಹೆಸರು. ಅದರೊಳಗೆ ಗಾಳಿ ಒಂದು ಇಕ್ಕಟ್ಟಾದ ಕೊಳವೆಯಲ್ಲಿ ರಭಸವಾಗಿ ಹಾದು ಹೋಗುತ್ತದೆ. ಆಗ ಅಲ್ಲಿ ಒತ್ತಡ ಕಡಿಮೆಯಾಗಿ, ಕೆಳಗಿನ ಬಟ್ಟಲಿನಿಂದ ಪೆಟ್ರೋಲು ಒಂದು ಸಣ್ಣ ತೂತಿನ ಮೂಲಕ ಮೇಲೆ ಚಿಮ್ಮುತ್ತದೆ. ಆ ತೂತು ಇರುವ ಹಿತ್ತಾಳೆಯ ತುಂಡೇ ಜೆಟ್. ಕಿರುಬೆರಳ ಉಗುರಿಗಿಂತ ಚಿಕ್ಕದು.

ಅಡಿಕೆ ತೋಟ ಇರುವವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುತ್ತೇವಲ್ಲ, ಆ ಪಂಪಿನ ನಾಜಲ್ ಇದ್ದ ಹಾಗೆ. ತೂತು ದೊಡ್ಡದಾದರೆ ಔಷಧಿ ಹೆಚ್ಚು, ಚಿಕ್ಕದಾದರೆ ಕಡಿಮೆ. ಪಂಪಿಗೆ ತಲೆ ಇಲ್ಲ, ತೂತು ಬಿಟ್ಟಷ್ಟನ್ನು ಅದು ಬಿಡುತ್ತದೆ. ಕಾರ್ಬ್ಯುರೇಟರಿಗೂ ತಲೆ ಇಲ್ಲ.

ಸಮುದ್ರ ಮಟ್ಟದಲ್ಲಿ, ಅಂದರೆ ನಮ್ಮ ಕಾಸರಗೋಡಿನಲ್ಲಿ, ಈ ತೂತಿನ ಲೆಕ್ಕ ಸರಿ ಇರುತ್ತದೆ. ಸಂಪಾಜೆ ಘಾಟಿ ಹತ್ತಿ ಮಡಿಕೇರಿ ಮುಟ್ಟುವಾಗ ಗಾಳಿ ಸುಮಾರು ಶೇ. 10ರಷ್ಟು ತೆಳುವಾಗಿರುತ್ತದೆ. ಗಾಡಿ ಸ್ವಲ್ಪ ಸೋತ ಹಾಗೆ ಅನ್ನಿಸಬಹುದು, ಅಷ್ಟೇ. ಲೇಹ್ ಪಟ್ಟಣ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಸಾಂದ್ರತೆ ಶೇ. 30ರಷ್ಟು ಕಡಿಮೆ. 5,359 ಮೀಟರಿನ ಖರ್ದುಂಗ್ ಲಾ ನೆತ್ತಿಯಲ್ಲಿ ಶೇ. 40ಕ್ಕೂ ಹೆಚ್ಚು ಕಡಿಮೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲಿಯೂ ಇಲ್ಲಿಯೂ ಶೇ. 21 ಮಾತ್ರವೇ. ಒಟ್ಟು ಗಾಳಿಯೇ ಕಡಿಮೆ, ಹಾಗಾಗಿ ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಕಡಿಮೆ.

ಗಾಳಿ ಕಡಿಮೆಯಾದರೆ ಶಕ್ತಿ ಕಡಿಮೆಯಾಗುವುದು ಎಲ್ಲರಿಗೂ ಅರ್ಥವಾಗುತ್ತದೆ. 350ರ ಬುಲೆಟ್‌ಗೆ ಇರುವುದೇ 18 ಅಶ್ವಶಕ್ತಿ, ನೆತ್ತಿಯ ಮೇಲೆ ಅದರಲ್ಲಿ ಹತ್ತು ಉಳಿದರೆ ಪುಣ್ಯ. ಆದರೆ ನಿಜವಾದ ತೊಂದರೆ ಇನ್ನೊಂದಿದೆ. ಗಾಳಿ ಕಡಿಮೆಯಾದಷ್ಟು ಪೆಟ್ರೋಲು ಕಡಿಮೆಯಾಗುವುದಿಲ್ಲ! ಪೆಟ್ರೋಲಿನ ಹರಿವು ಇಳಿಯುವುದು ಗಾಳಿಯ ಸಾಂದ್ರತೆಯ ವರ್ಗಮೂಲದ ಲೆಕ್ಕದಲ್ಲಿ. ಗಾಳಿ 100ರಿಂದ 58ಕ್ಕೆ ಇಳಿಯಿತು ಅನ್ನಿ. 0.58ರ ವರ್ಗಮೂಲ ತೆಗೆಯಿರಿ, ಸುಮಾರು 0.76. ಅಂದರೆ ಪೆಟ್ರೋಲು ಇಳಿದದ್ದು 76ಕ್ಕೆ ಮಾತ್ರ. 58 ಪಾಲು ಗಾಳಿಗೆ 76 ಪಾಲು ಪೆಟ್ರೋಲು! ಒಲೆಗೆ ಗಾಳಿ ಆಡದ ಹಾಗೆ ಸೌದೆ ತುರುಕಿದರೆ ಏನಾಗುತ್ತದೋ ಅದೇ ಆಗುತ್ತದೆ. ಹೊಗೆ, ಮಸಿ, ಸ್ಪಾರ್ಕ್ ಪ್ಲಗ್ ಕಪ್ಪು, ಎಂಜಿನ್ ಕೆಮ್ಮಿ ಕೆಮ್ಮಿ ನಿಲ್ಲುವುದು. ಗಾಡಿ ಸೋತಿತೆಂದು ಸವಾರ ಇನ್ನಷ್ಟು ಆಕ್ಸಿಲರೇಟರ್ ತಿರುಗಿಸುತ್ತಾನೆ. ಅದು ಇನ್ನಷ್ಟು ಕೆಮ್ಮುತ್ತದೆ.

ಹತ್ತನೇ ತರಗತಿಯ ಮಕ್ಕಳು "ವರ್ಗಮೂಲ ಕಲಿತು ಏನು ಪ್ರಯೋಜನ ಸಾರ್" ಎಂದು ಕೇಳಿದರೆ ಇನ್ನು ಮುಂದೆ ಈ ಉತ್ತರ ಕೊಡಬಹುದು.

ವಿಮಾನದಿಂದ ಬಂದ ಪಾಠ

ಈ ಸಮಸ್ಯೆ ಮೊದಲು ದೊಡ್ಡದಾಗಿ ಕಾಡಿದ್ದು ವಿಮಾನದವರನ್ನು. ಮೋಟಾರ್ ಸೈಕಲ್ ಗುಡ್ಡ ಹತ್ತಿದರೆ ತಾನೇ ಎತ್ತರ, ವಿಮಾನವಾದರೆ ದಿನಾ ಎತ್ತರ. ಹಾಗಾಗಿ ವಿಮಾನಗಳಲ್ಲಿ ಪೈಲಟ್‌ನ ಕೈಗೆ ಒಂದು ಸನ್ನೆ ಕೊಟ್ಟರು. ಮೇಲೆ ಹೋದಂತೆ ಅದನ್ನು ಎಳೆದು ಪೆಟ್ರೋಲನ್ನು ಕಡಿಮೆ ಮಾಡಬೇಕು, ಕೆಳಗೆ ಬರುವಾಗ ಮತ್ತೆ ಹೆಚ್ಚಿಸಬೇಕು. ಸಣ್ಣ ಪಿಸ್ಟನ್ ವಿಮಾನಗಳಲ್ಲಿ ಆ ಸನ್ನೆ ಇಂದಿಗೂ ಇದೆ.

ಇನ್ನೊಂದು ದಾರಿಯನ್ನು ಅಮೆರಿಕದಲ್ಲಿ ಪರೀಕ್ಷಿಸಿ ನೋಡಿದರು. ಕೊಲರಾಡೊ ರಾಜ್ಯದಲ್ಲಿ ಪೈಕ್ಸ್ ಪೀಕ್ ಎಂಬ ಬೆಟ್ಟವಿದೆ. ಎತ್ತರ ಸುಮಾರು 4,300 ಮೀಟರ್. ಅದರ ತುದಿಯವರೆಗೆ ರಸ್ತೆ ಮಾಡಿ 1916ರಲ್ಲಿ ವಾಹನಗಳ ಓಟದ ಸ್ಪರ್ಧೆಯನ್ನೇ ಶುರು ಮಾಡಿದರು, ಅದರಲ್ಲಿ ಮೋಟಾರ್ ಸೈಕಲ್‌ಗಳೂ ಇದ್ದವು. 1918ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಸ್ಯಾನ್‌ಫರ್ಡ್ ಮಾಸ್ ಎಂಬ ಎಂಜಿನಿಯರ್ ಲಿಬರ್ಟಿ ಎಂಬ ವಿಮಾನದ ಎಂಜಿನ್ನನ್ನು ಅದೇ ಬೆಟ್ಟದ ತುದಿಗೆ ಸಾಗಿಸಿ ಪರೀಕ್ಷೆ ಮಾಡಿದರು. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಮೇಲೆ 230ಕ್ಕೆ ಇಳಿಯಿತು. ಎಂಜಿನ್ ಉಗುಳುವ ಹೊಗೆಯ ಬಲದಿಂದಲೇ ಒಂದು ಚಕ್ರ ತಿರುಗಿಸಿ, ಅದರಿಂದ ಗಾಳಿಯನ್ನು ಒತ್ತಿ ಒಳಗೆ ತುಂಬಿದಾಗ 356ಕ್ಕೆ ಏರಿತು! ಇಂದು ಲಾರಿ, ಕಾರುಗಳ ಹಿಂದೆ 'ಟರ್ಬೋ' ಎಂದು ಬರೆದಿರುತ್ತದಲ್ಲ, ಅದೇ ಇದು.

ಹಾಗಾಗಿ ಎತ್ತರಕ್ಕೆ ಎರಡು ಔಷಧಿ. ಒಂದೋ ಗಾಳಿಯನ್ನು ಒತ್ತಿ ತುಂಬಬೇಕು, ಇಲ್ಲವೇ ಇರುವ ಗಾಳಿಗೆ ತಕ್ಕಷ್ಟು ಪೆಟ್ರೋಲು ಕೊಡಬೇಕು. ಮೊದಲನೆಯದು ಹಣವಂತರ ದಾರಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಹಿರಿಯರ ಮಾತು ಎರಡನೆಯ ದಾರಿಗೆ ಸರಿಯಾಗಿ ಹೊಂದುತ್ತದೆ. ಬುಲೆಟ್ ಹಿಡಿದದ್ದು ಈ ದಾರಿಯನ್ನು.

ತಿಮ್ಮಯ್ಯನವರ ಕಾಲ

ನಮ್ಮ ದೇಶದಲ್ಲಿ ಎಂಜಿನ್ನುಗಳು ಲಡಾಖಿನ ಎತ್ತರವನ್ನು ಮೊದಲು ಕಂಡದ್ದು ಪ್ರವಾಸಕ್ಕಾಗಿ ಅಲ್ಲ, ಯುದ್ಧಕ್ಕಾಗಿ. 1948ರಲ್ಲಿ ಲೇಹ್ ಶತ್ರುಗಳ ಕೈಗೆ ಬೀಳುವ ಸ್ಥಿತಿಯಲ್ಲಿತ್ತು. ರಸ್ತೆ ಇರಲಿಲ್ಲ. ಲಡಾಖಿನವರೇ ಆದ ಎಂಜಿನಿಯರ್ ಸೋನಂ ನೊರ್ಬು ಊರವರನ್ನು ಸೇರಿಸಿಕೊಂಡು ಅಲ್ಲಿ ವಿಮಾನ ಇಳಿಯುವ ನೆಲ ಸಿದ್ಧ ಮಾಡಿದರು. 1948ರ ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ಡಕೋಟಾ ವಿಮಾನವನ್ನು ಅಲ್ಲಿ ಇಳಿಸಿದರು. ಆ ವಿಮಾನದಲ್ಲಿ ಜೊತೆಗೆ ಕುಳಿತಿದ್ದವರು ನಮ್ಮ ಪಕ್ಕದ ಕೊಡಗಿನವರು, ಜನರಲ್ ಕೆ. ಎಸ್. ತಿಮ್ಮಯ್ಯ. ಮಡಿಕೇರಿಯಲ್ಲಿ ಅವರು ಹುಟ್ಟಿದ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಶಾಲಾ ಪ್ರವಾಸಕ್ಕೆ ಮಡಿಕೇರಿಗೆ ಹೋಗುವವರು ರಾಜಾಸೀಟ್ ನೋಡಿ ಬರುವಾಗ ಅಲ್ಲಿಗೂ ಮಕ್ಕಳನ್ನು ಕರೆದುಕೊಂಡು ಹೋಗಬೇಕು ಎಂದು ನನ್ನ ಆಸೆ.

ಅದೇ ವರ್ಷ ನವೆಂಬರ್ 1ರಂದು ಜೋಜಿ ಲಾ ಕಣಿವೆಯಲ್ಲಿ ನಡೆದದ್ದು ಇನ್ನೂ ದೊಡ್ಡ ಸಾಹಸ. 3,500 ಮೀಟರ್ ಎತ್ತರ, ಸುತ್ತ ಹಿಮ. ಅಲ್ಲಿಗೆ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ತಂದರು. ಕತ್ತೆದಾರಿಯಂತಿದ್ದ ಹಾದಿಯನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಬೆಂಗಳೂರಿನ ಹಲಸೂರು ಕೆರೆಯ ಬಳಿ ಕೇಂದ್ರ ಕಚೇರಿ ಇರುವ ಪಡೆ. ಅಷ್ಟು ಎತ್ತರದಲ್ಲಿ ಟ್ಯಾಂಕ್ ಬರಬಹುದೆಂದು ಎದುರಾಳಿಗಳು ಕನಸಿನಲ್ಲೂ ಎಣಿಸಿರಲಿಲ್ಲ. ಕಣಿವೆ ಕೈಗೆ ಬಂತು, ಕಾರ್ಗಿಲ್ ಮರಳಿ ಸಿಕ್ಕಿತು, ಲೇಹ್ ಉಳಿಯಿತು. ಆ ಕಾರ್ಯಾಚರಣೆಯ ಹಿಂದೆ ಇದ್ದವರೂ ತಿಮ್ಮಯ್ಯನವರೇ.

ಎತ್ತರದಲ್ಲಿ ಎಂಜಿನ್ ಸೋಲುತ್ತದೆ ನಿಜ, ಸಾಯುವುದಿಲ್ಲ ಎಂಬುದು ಅಂದೇ ಗೊತ್ತಾಯಿತು. ಅದಕ್ಕೆ ದಾರಿ ಬೇಕು, ನೋಡಿಕೊಳ್ಳುವವರು ಬೇಕು.

ಇಂಗ್ಲೆಂಡಿನ ಗಾಡಿ, ತಿರುವೊಟ್ಟಿಯೂರಿನ ಗಾಡಿ

ಇನ್ನು ಬುಲೆಟ್ ವಿಷಯಕ್ಕೆ ಬರೋಣ. ರಾಯಲ್ ಎನ್‌ಫೀಲ್ಡ್ ಇಂಗ್ಲೆಂಡಿನ ರೆಡಿಚ್ ಊರಿನ ಕಂಪೆನಿ. ಬುಲೆಟ್ ಎಂಬ ಹೆಸರು ಬಂದದ್ದು 1932ರಲ್ಲಿ. ನಾವು ಈಗ ಕಾಣುವ ರೂಪ, ಹಿಂದಿನ ಚಕ್ರಕ್ಕೂ ಶಾಕ್ ಅಬ್ಸಾರ್ಬರ್ ಇರುವ 350ರ ಗಾಡಿ, ಬಂದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಯಲ್ಲಿ. ಇದನ್ನು ಕಟ್ಟಿದವರ ಮನಸ್ಸಿನಲ್ಲಿ ಹಿಮಾಲಯ ಇದ್ದಿರಲಿಕ್ಕಿಲ್ಲ. ಇಡೀ ಬ್ರಿಟನ್ನಿನಲ್ಲಿ ಅತಿ ಎತ್ತರದ ಬೆನ್ ನೆವಿಸ್ ಬೆಟ್ಟವೇ 1,345 ಮೀಟರ್, ನಮ್ಮ ಮುಳ್ಳಯ್ಯನಗಿರಿ ಅದಕ್ಕಿಂತ ಸುಮಾರು 600 ಮೀಟರ್ ಎತ್ತರ!

1950ರ ದಶಕದ ಆರಂಭದಲ್ಲಿ ಭಾರತೀಯ ಸೇನೆ ಗಡಿ ಕಾಯುವ ಕೆಲಸಕ್ಕೆ 800 ಬುಲೆಟ್‌ಗಳಿಗೆ ಬೇಡಿಕೆ ಸಲ್ಲಿಸಿತು. 1955ರಲ್ಲಿ ರೆಡಿಚ್ ಕಂಪೆನಿ ಮತ್ತು ಮದ್ರಾಸ್ ಮೋಟಾರ್ಸ್ ಸೇರಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿತು. ಮರುವರ್ಷ ಮದ್ರಾಸಿನ ತಿರುವೊಟ್ಟಿಯೂರಿನಲ್ಲಿ ಕಾರ್ಖಾನೆ ಶುರುವಾಯಿತು. ಮೊದಲು ಬಿಡಿಭಾಗ ತಂದು ಜೋಡಿಸುವುದು, ಆಮೇಲೆ ಎಲ್ಲವನ್ನೂ ಇಲ್ಲೇ ಮಾಡುವುದು. 1967ರಲ್ಲಿ ರೆಡಿಚ್ ಕಾರ್ಖಾನೆ ಮುಚ್ಚಿತು, 1970ಕ್ಕೆ ಇಂಗ್ಲೆಂಡಿನ ಕಂಪೆನಿಯೇ ಇಲ್ಲವಾಯಿತು. ಮದ್ರಾಸಿನಲ್ಲಿ ಮಾತ್ರ ಅದೇ ಎಂಜಿನ್, 70 ಮಿಲಿಮೀಟರ್ ಅಗಲದ, 90 ಮಿಲಿಮೀಟರ್ ಓಟದ ಅದೇ ಸಿಲಿಂಡರ್, ಸ್ವಲ್ಪ ಸ್ವಲ್ಪ ಬದಲಾಗುತ್ತಾ 2010ರ ಸುಮಾರಿನವರೆಗೂ ನಡೆಯಿತು.

ರಸ್ತೆಗಳೂ ಅದೇ ಕಾಲಕ್ಕೆ ಬೆಳೆದವು. ಗಡಿ ರಸ್ತೆಗಳ ಸಂಸ್ಥೆ ಸ್ಥಾಪನೆಯಾದದ್ದು 1960ರ ಮೇ 7ರಂದು. ಶ್ರೀನಗರದಿಂದ ಲೇಹ್‌ಗೆ ವಾಹನ ಹೋಗುವ ದಾರಿ 1960ರ ದಶಕದ ಆರಂಭದಲ್ಲಿ ಸಿದ್ಧವಾಯಿತು. ಲಡಾಖ್ ಹೊರಗಿನ ಪ್ರವಾಸಿಗಳಿಗೆ ತೆರೆದದ್ದು 1974ರಲ್ಲಿ. ಖರ್ದುಂಗ್ ಲಾ ರಸ್ತೆ 1976ರಲ್ಲಿ ಆಯಿತು, ಸಾರ್ವಜನಿಕರ ವಾಹನಗಳಿಗೆ 1988ರಲ್ಲಿ ತೆರೆಯಿತು. ಮನಾಲಿ–ಲೇಹ್ ದಾರಿ ಸಾಮಾನ್ಯ ಜನರಿಗೆ ಸಿಕ್ಕಿದ್ದು 1989ರಲ್ಲಿ. ನನ್ನ ವಿದ್ಯಾರ್ಥಿಯ ಅಪ್ಪ ಲಾರಿ ಓಡಿಸುತ್ತಿದ್ದ ಕಾಲದಲ್ಲಿ ಅಲ್ಲಿ ಪ್ರವಾಸಿ ಮೋಟಾರ್ ಸೈಕಲ್‌ಗಳು ಇರಲೇ ಇಲ್ಲ ಅನ್ನಬಹುದು.

ಅಂದ ಹಾಗೆ ಖರ್ದುಂಗ್ ಲಾ ನೆತ್ತಿಯಲ್ಲಿದ್ದ ಫಲಕದಲ್ಲಿ 18,380 ಅಡಿ, ಪ್ರಪಂಚದಲ್ಲೇ ಅತಿ ಎತ್ತರದ ಮೋಟಾರು ರಸ್ತೆ ಎಂದು ಬರೆದಿತ್ತು. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡವರಲ್ಲಿ ನಾನೂ ಒಬ್ಬ! ಉಪಗ್ರಹದ ನೆರವಿನಿಂದ ಅಳೆದಾಗ ಅದು 17,582 ಅಡಿ ಎಂದು ಗೊತ್ತಾಯಿತು. ಆಮೇಲೆ ಗಡಿ ರಸ್ತೆಗಳ ಸಂಸ್ಥೆಯೇ ಉಮ್ಲಿಂಗ್ ಲಾದಲ್ಲಿ 19,024 ಅಡಿ ಎತ್ತರಕ್ಕೆ ಡಾಂಬರು ಹಾಕಿತು, 2021ರಲ್ಲಿ ಅದಕ್ಕೆ ಗಿನ್ನೆಸ್ ದಾಖಲೆಯೂ ಬಂತು. ಫಲಕ ಏನೇ ಹೇಳಲಿ, ಎಂಜಿನ್ನಿಗೆ ಗೊತ್ತಿರುವುದು ತನಗೆ ಸಿಗುವ ಗಾಳಿ ಮಾತ್ರ.

ಹೊರಡುವ ಮುನ್ನ

ಹಳೆಯ ಬುಲೆಟ್‌ನ ಒಂದು ಗುಣವೆಂದರೆ ಅದರಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ನಾಲ್ಕೈದು ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್ ಇದ್ದರೆ ರಸ್ತೆ ಬದಿಯಲ್ಲೇ ಕಾರ್ಬ್ಯುರೇಟರ್ ಬಿಚ್ಚಿ ಹಾಕಬಹುದು. ನಾನೂ ಅವನೂ ನಮ್ಮೂರಿನ ಹಳೆಯ ಮೆಕ್ಯಾನಿಕ್ ಅಣ್ಣನ ಬಳಿಗೆ ಹೋಗಿ ಮೂರು ಭಾನುವಾರ ಕುಳಿತು ಮಾಡಿಸಿದ್ದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು ಜೆಟ್. ಇರುವುದಕ್ಕಿಂತ ಒಂದೆರಡು ಸಂಖ್ಯೆ ಚಿಕ್ಕದಾದ ಮುಖ್ಯ ಜೆಟ್ ಕೊಂಡು ಇಟ್ಟುಕೊಳ್ಳಬೇಕು. ಊರಲ್ಲೇ ಹಾಕಬಾರದು, ಗುಡ್ಡದ ಬುಡದಲ್ಲಿ ಹಾಕಬೇಕು. ತೀರಾ ಚಿಕ್ಕದೂ ಬೇಡ. ಮನಾಲಿ–ಲೇಹ್ ದಾರಿ ಒಂದೇ ಸಮನೆ ಏರುವುದಿಲ್ಲ. 5,300 ಮೀಟರಿನ ತಗ್ಲಂಗ್ ಲಾ ಹತ್ತಿ ಮತ್ತೆ 3,500ಕ್ಕೆ ಇಳಿಯುತ್ತದೆ. ನೆತ್ತಿಯ ಲೆಕ್ಕಕ್ಕೆ ಜೆಟ್ ಹಾಕಿದರೆ ಕೆಳಗೆ ಎಂಜಿನ್ ಬಿಸಿಯಾಗುತ್ತದೆ. ನಡುವಿನ ಎತ್ತರಕ್ಕೆ ಸರಿಹೊಂದಿಸಿ, ನೆತ್ತಿಯಲ್ಲಿ ಸ್ವಲ್ಪ ಕೆಮ್ಮಿದರೆ ಕೆಮ್ಮಲಿ ಎಂದು ಬಿಡುವುದು ಜಾಣತನ.

ಎರಡನೆಯದು ಸೂಜಿ. ಕಾರ್ಬ್ಯುರೇಟರಿನೊಳಗೆ ಆಕ್ಸಿಲರೇಟರ್ ಜೊತೆ ಮೇಲೆ ಕೆಳಗೆ ಆಡುವ ಒಂದು ಸೂಜಿ ಇದೆ. ಅದರ ತಲೆಯಲ್ಲಿ ಗೀರುಗಳಿವೆ, ಒಂದು ಗೀರಿನಲ್ಲಿ ಸಣ್ಣ ಕ್ಲಿಪ್ ಕುಳಿತಿರುತ್ತದೆ. ಕ್ಲಿಪ್ಪನ್ನು ಒಂದು ಗೀರು ಮೇಲಕ್ಕೆ ಹಾಕಿದರೆ ಸೂಜಿ ಕೆಳಗೆ ಇಳಿದು ಪೆಟ್ರೋಲು ಕಡಿಮೆಯಾಗುತ್ತದೆ. ಅರ್ಧ ಆಕ್ಸಿಲರೇಟರ್‌ನಲ್ಲಿ ಹೋಗುವಾಗ ಲೆಕ್ಕಕ್ಕೆ ಬರುವುದು ಈ ಸೂಜಿಯೇ. ಸಣ್ಣ ತಿರುವಿನ ಗಾಳಿ ಸ್ಕ್ರೂ ಇನ್ನೊಂದಿದೆ, ಅದನ್ನು ಹೊರಕ್ಕೆ ತಿರುಗಿಸಿದರೆ ನಿಂತಲ್ಲಿನ ಓಟಕ್ಕೆ ಗಾಳಿ ಹೆಚ್ಚುತ್ತದೆ.

ಸರಿಯಾಯಿತೋ ಇಲ್ಲವೋ ಎಂದು ಹೇಳುವುದು ಸ್ಪಾರ್ಕ್ ಪ್ಲಗ್. ಬಿಚ್ಚಿ ನೋಡಬೇಕು. ಮಸಿ ಹಿಡಿದು ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚು. ಬೆಳ್ಳಗೆ ಸುಟ್ಟಂತಿದ್ದರೆ ಕಡಿಮೆ, ಅದು ಅಪಾಯ. ಬಿಸ್ಕತ್ತಿನ ಬಣ್ಣ ಇದ್ದರೆ ಸರಿ. ವೈದ್ಯರು ನಾಲಗೆ ನೋಡಿದ ಹಾಗೆ!

ಕೆಲವರು ಗಾಳಿ ಹೆಚ್ಚು ಸಿಗಲಿ ಎಂದು ಏರ್ ಫಿಲ್ಟರನ್ನೇ ಕಿತ್ತು ಹಾಕುತ್ತಾರೆ. ಗಾಡಿ ಆಗ ಚೆನ್ನಾಗಿಯೇ ಹತ್ತುತ್ತದೆ. ಆದರೆ ಆ ದಾರಿಯ ಧೂಳು ಸಿಲಿಂಡರಿನೊಳಗೆ ಹೋಗಿ ಅರದ ಹಾಗೆ ತಿಕ್ಕುತ್ತದೆ. "ಫಿಲ್ಟರ್ ತೆಗೆಯುವುದಲ್ಲ ಮಾಷ್ಟ್ರೇ, ಹೊಸತು ಹಾಕುವುದು" ಎಂದು ಮೆಕ್ಯಾನಿಕ್ ಅಣ್ಣ ಖಡಾಖಂಡಿತವಾಗಿ ಹೇಳಿದರು.

ಆಮೇಲೆ ಕಿಡಿ. ಹಳೆಯ ಬುಲೆಟ್‌ನಲ್ಲಿ ಕಿಡಿ ಕೊಡುವುದು ಪಾಯಿಂಟ್. ಅದರ ಎಡೆ 0.4 ಮಿಲಿಮೀಟರ್ ಆಸುಪಾಸು ಇರಬೇಕು. ಹೊಸ ಪಾಯಿಂಟ್, ಕಂಡೆನ್ಸರ್, ಎರಡು ಪ್ಲಗ್, ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್, ಚೈನಿನ ಲಿಂಕ್, ಟ್ಯೂಬ್ ಇವೆಲ್ಲ ಚೀಲದಲ್ಲಿರಬೇಕು. ಕಾಗದಪತ್ರವೂ ಮುಖ್ಯ. ಹದಿನೈದು ವರ್ಷ ದಾಟಿದ ಗಾಡಿಗೆ ನೋಂದಣಿ ನವೀಕರಿಸಿರಬೇಕು, ವಿಮೆ ಇರಬೇಕು. ರೈಲಿನಲ್ಲಿ ಕಳಿಸುವುದಾದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಬೇಕು.

ಬ್ರೇಕಿನ ವಿಷಯ ನಾನು ಎರಡು ಸಲ ಹೇಳುತ್ತೇನೆ. ಹತ್ತುವುದಕ್ಕೆ ಎಲ್ಲರೂ ತಯಾರಿ ಮಾಡುತ್ತಾರೆ, ಇಳಿಯುವುದಕ್ಕೆ ಯಾರೂ ಮಾಡುವುದಿಲ್ಲ. 1952ರಲ್ಲಿ ಚೆ ಗೆವಾರ ತನ್ನ ಗೆಳೆಯ ಅಲ್ಬರ್ಟೊ ಗ್ರನಾಡೊ ಜೊತೆ 1939ರ ಒಂದು ನಾರ್ಟನ್ ಮೋಟಾರ್ ಸೈಕಲ್‌ನಲ್ಲಿ ದಕ್ಷಿಣ ಅಮೆರಿಕ ಸುತ್ತಲು ಹೊರಟ ಕಥೆ ನಿಮಗೆ ಗೊತ್ತಿರಬಹುದು. ಆ ಗಾಡಿ ಪೆರು ದೇಶದ ಎತ್ತರದ ಬೆಟ್ಟಗಳನ್ನು ಕಾಣಲೇ ಇಲ್ಲ. ಇಳಿಜಾರಿನಲ್ಲಿ ಬ್ರೇಕ್ ಕೈಕೊಟ್ಟಿತು, ಕಬ್ಬಿಣದ ಚೌಕಟ್ಟು ಮುರಿಯಿತು, ಚಿಲಿಯಲ್ಲೇ ಅದರ ಪ್ರಯಾಣ ಮುಗಿಯಿತು. ಅದನ್ನು ಸೋಲಿಸಿದ್ದು ತೆಳುವಾದ ಗಾಳಿ ಅಲ್ಲ. ಹಾಗಾಗಿ ಡ್ರಮ್ ಬ್ರೇಕಿನ ಶೂ ಹೊಸತು ಹಾಕಿಸಿದೆವು. ಇಳಿಯುವಾಗ ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಎಂದೂ ಹುಡುಗನಿಗೆ ಹೇಳಿದೆ.

ಪೆಟ್ರೋಲಿನದ್ದು ಇನ್ನೊಂದು ಲೆಕ್ಕ. ತಾಂಡಿ ಎಂಬಲ್ಲಿನ ಪಂಪಿನ ಬಳಿ 'ಮುಂದಿನ ಪೆಟ್ರೋಲ್ ಪಂಪ್ 365 ಕಿಲೋಮೀಟರ್' ಎಂಬ ಫಲಕ ಬಹಳ ವರ್ಷ ಪ್ರಸಿದ್ಧವಾಗಿತ್ತು. ಲೀಟರಿಗೆ 30 ಕೊಡುವ ಗಾಡಿ ಅಲ್ಲಿ 25 ಕೊಟ್ಟರೆ ಹೆಚ್ಚು. ಟ್ಯಾಂಕ್ ತುಂಬಿಸಿದ ಮೇಲೂ ಐದು ಲೀಟರಿನ ಡಬ್ಬ ಒಂದು ಜೊತೆಗಿರಲಿ.

ಸವಾರನ ಎಂಜಿನ್ನಿನ ಮಾತು ಮರೆಯಬಾರದು. ನಮ್ಮ ಶ್ವಾಸಕೋಶಕ್ಕೂ ಸಿಗುವುದು ಅದೇ ತೆಳು ಗಾಳಿ. ಖರ್ದುಂಗ್ ಲಾ ನೆತ್ತಿಯಲ್ಲಿ ನೀರು ಸುಮಾರು 82 ಡಿಗ್ರಿಗೇ ಕುದಿಯುತ್ತದೆ, ಕುಚ್ಚಲಕ್ಕಿ ಬೇಯುವುದು ಕನಸಿನ ಮಾತು! ಜೆಟ್ ಬದಲಾಯಿಸಿದರೆ ಗಾಡಿ ಹತ್ತು ನಿಮಿಷದಲ್ಲಿ ಒಗ್ಗುತ್ತದೆ. ಮನುಷ್ಯ ಒಗ್ಗಲು ದಿನಗಳು ಬೇಕು. ಲೇಹ್ ತಲುಪಿ ಎರಡು ದಿನ ಸುಮ್ಮನೆ ಮಲಗದೆ ಮೇಲೆ ಹೋಗಬಾರದು. ತಲೆನೋವು, ವಾಂತಿ ಹೆಚ್ಚಾದರೆ ಒಂದೇ ಔಷಧಿ, ಕೆಳಗೆ ಇಳಿಯುವುದು.

ನಾನು ಬಿದ್ದ ಕಥೆ

ಈಗ ನನ್ನ ತಪ್ಪು ಹೇಳಿಬಿಡುತ್ತೇನೆ. 2000ರ ದಶಕದ ಕೊನೆಯ ಭಾಗ. ನಮ್ಮ ಕೇರಳದ ಶಾಲೆಗಳಿಗೆ ಏಪ್ರಿಲ್, ಮೇ ರಜೆ, ಆಗ ಮನಾಲಿ–ಲೇಹ್ ದಾರಿಯಲ್ಲಿ ಹಿಮ ಇನ್ನೂ ಕರಗಿರುವುದಿಲ್ಲ. ಹಾಗಾಗಿ ಮಾಸ್ತರುಗಳಿಗೆ ಉಳಿದದ್ದು ಓಣಂ ರಜೆಯ ಹತ್ತು ದಿನ. ಸೋದರಮಾವನ ಬುಲೆಟನ್ನು ರೈಲಿಗೆ ಹಾಕಿ, ಹಿಂದೆ ಮುಂದೆ ಒಂದೆರಡು ದಿನ ರಜೆ ಸೇರಿಸಿ ಗೆಳೆಯನ ಜೊತೆ ಹೊರಟೆ. ಮನಾಲಿಯ ಒಂದು ಗ್ಯಾರೇಜಿನಲ್ಲಿ ಚಿಕ್ಕ ಜೆಟ್ ಹಾಕಿಸಿದೆ. ಹಳೆಯ ಜೆಟ್ಟನ್ನು ಕಾಗದದಲ್ಲಿ ಸುತ್ತಿ ಕೊಟ್ಟರು, "ಇಳಿದ ಮೇಲೆ ಹಾಕಿಸಿಕೊಳ್ಳಿ" ಎಂದೂ ಹೇಳಿದರು. ಗಾಡಿ ಹೂವಿನಂತೆ ಹತ್ತಿತು.

ಇಳಿದು ಬರುವಾಗ ಶಾಲೆ ತೆರೆಯಲು ಎರಡೇ ದಿನ ಉಳಿದಿತ್ತು. ರೈಲು ತಪ್ಪುವ ಭಯ. ಜೆಟ್ ಬದಲಾಯಿಸಲು ಅರ್ಧ ಗಂಟೆ ಯಾಕೆ ಹಾಳುಮಾಡುವುದು, ಗಾಡಿ ಚೆನ್ನಾಗಿಯೇ ಓಡುತ್ತಿದೆಯಲ್ಲ ಎಂದುಕೊಂಡೆ. ಬಯಲಿನ ಹೆದ್ದಾರಿ, ಮಟಮಟ ಮಧ್ಯಾಹ್ನ, ಪೂರ್ತಿ ಆಕ್ಸಿಲರೇಟರ್. ಈಗ ಗಾಳಿ ಪೂರ್ತಿ ಇದೆ, ಪೆಟ್ರೋಲು ಮಾತ್ರ ಬೆಟ್ಟದ ಲೆಕ್ಕದ್ದು. ಪೆಟ್ರೋಲು ಕಡಿಮೆಯಾದ ಉರಿ ಹೆಚ್ಚು ಬಿಸಿ, ಒಳಗೆ ತಂಪು ಮಾಡುವ ಪೆಟ್ರೋಲಿನ ಹನಿಯೂ ಕಡಿಮೆ. ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಂಡಿತು. ಹಿಂದಿನ ಚಕ್ರ ಗಕ್ಕನೆ ನಿಂತಿತು. ಕ್ಲಚ್ ಹಿಡಿಯುವಷ್ಟರಲ್ಲಿ ನಾನು ರಸ್ತೆಯಲ್ಲಿದ್ದೆ, ಹಿಂದಿನಿಂದ ಲಾರಿ ಬರುತ್ತಿರಲಿಲ್ಲ ಎಂಬುದೇ ದೊಡ್ಡ ಪುಣ್ಯ. ಮೊಣಕೈಯ ಕಲೆ ಇನ್ನೂ ಇದೆ. ಶಾಲೆಗೆ ನಾಲ್ಕು ದಿನ ತಡವಾಗಿ ಹೋದದ್ದಕ್ಕೆ ವಿವರಣೆ ಬರೆದುಕೊಡಬೇಕಾಯಿತು. ಮಾವ ಮಾತ್ರ ಏನೂ ಬೈಯಲಿಲ್ಲ, "ಜೆಟ್ ಎಲ್ಲಿ?" ಎಂದಷ್ಟೇ ಕೇಳಿದರು. ಅಂಗಿ ಕಿಸೆಯಿಂದ ಕಾಗದದ ಪೊಟ್ಟಣ ತೆಗೆದುಕೊಟ್ಟೆ. ಅದಕ್ಕಿಂತ ದೊಡ್ಡ ಬೈಗುಳ ನಾನು ತಿಂದಿಲ್ಲ.

ವಿಮಾನದ ಪೈಲಟ್ ಕೆಳಗೆ ಬರುವಾಗ ಸನ್ನೆಯನ್ನು ಮತ್ತೆ ಮುಂದಕ್ಕೆ ತಳ್ಳುತ್ತಾನೆ ಎಂದು ಆಗಲೇ ಹೇಳಿದೆನಲ್ಲ. ಆ ಅರ್ಧ ಪಾಠವನ್ನು ನಾನು ಬಿಟ್ಟಿದ್ದೆ. ಹಾಸಿಗೆ ಚಿಕ್ಕದಾದಾಗ ಕಾಲು ಮಡಚಬೇಕು, ಹಾಸಿಗೆ ಉದ್ದವಾದಾಗ ಚಾಚಲೂ ಬೇಕು.

ಹೊಸ ಗಾಡಿಗಳಿಗೆ ಈ ತಾಪತ್ರಯ ಇಲ್ಲ. ಗಾಳಿಯ ಒತ್ತಡವನ್ನು ಅಳೆಯುವ ಸೆನ್ಸರ್ ಇರುತ್ತದೆ, ಪುಟ್ಟ ಕಂಪ್ಯೂಟರ್ ತಾನೇ ಲೆಕ್ಕ ಹಾಕಿ ಪೆಟ್ರೋಲು ಬಿಡುತ್ತದೆ. 2020ರ ಏಪ್ರಿಲ್‌ನಲ್ಲಿ ಹೊಸ ಹೊಗೆ ನಿಯಮ ಬಂದ ಮೇಲೆ ಬುಲೆಟ್‌ನಲ್ಲೂ ಕಾರ್ಬ್ಯುರೇಟರ್ ಇಲ್ಲ. ಒಳ್ಳೆಯದೇ ಆಯಿತು, ಹೊಗೆ ಕಡಿಮೆಯಾಯಿತು, ನನ್ನಂಥ ಮರೆಗುಳಿಗಳು ಬೀಳುವುದೂ ಕಡಿಮೆಯಾಯಿತು. ಆದರೆ ಹಳೆಯ ಗಾಡಿ ಇಟ್ಟುಕೊಂಡವರು ಆ ಸೆನ್ಸರಿನ ಕೆಲಸವನ್ನು ತಾವೇ ಮಾಡಬೇಕು.

ಹುಡುಗ ಜುಲೈಯಲ್ಲಿ ಹೊರಟ. ಹಿಂದಿನ ದಿನ ಮನೆಗೆ ಬಂದಾಗ ಒಂದು ಬೆಂಕಿಪೆಟ್ಟಿಗೆ ತೋರಿಸಿದ. ಒಳಗೆ ಚಿಕ್ಕ ಜೆಟ್ ಇತ್ತು. ಮುಚ್ಚಳದ ಮೇಲೆ ಒಂದು ಬದಿಯಲ್ಲಿ 'ಹತ್ತುವಾಗ', ಇನ್ನೊಂದು ಬದಿಯಲ್ಲಿ 'ಇಳಿದ ಮೇಲೆ' ಎಂದು ಕನ್ನಡದಲ್ಲಿ ಬರೆದಿದ್ದ. ಒಂದು ಜೆಟ್ ಗಾಡಿಯಲ್ಲಿದ್ದರೆ ಇನ್ನೊಂದು ಯಾವಾಗಲೂ ಪೆಟ್ಟಿಗೆಯಲ್ಲಿರುತ್ತದೆ, ಯಾವ ಬದಿ ಮೇಲಿದೆ ನೋಡಿದರೆ ಸಾಕಂತೆ. ಇಪ್ಪತ್ತು ವರ್ಷ ಪಾಠ ಮಾಡಿದ ನನಗೆ ಇಷ್ಟು ಸುಲಭದ ಉಪಾಯ ಹೊಳೆದಿರಲಿಲ್ಲ.

ಹದಿನಾರನೇ ದಿನ ಫೋನು ಬಂತು. "ಸಾರ್, ಮನಾಲಿಯಲ್ಲಿದ್ದೇನೆ. ಖರ್ದುಂಗ್ ಲಾ ಹತ್ತಿ ಬಂದೆ. ಕೊನೆಯ ಮೂರು ಕಿಲೋಮೀಟರ್ ಒಂದನೇ ಗೇರಿನಲ್ಲೇ ಬಂದದ್ದು, ಆದರೆ ಒಮ್ಮೆಯೂ ನಿಲ್ಲಲಿಲ್ಲ."

"ಸಂತೋಷ ಮಾರಾಯ. ಜೆಟ್?"

"ಈಗ ಅದೇ ಬದಲಾಯಿಸುತ್ತಾ ಇದ್ದೇನೆ ಸಾರ್. ಅಪ್ಪ ಇದ್ದಿದ್ದರೆ ಅವರೂ ಮೊದಲು ಅದನ್ನೇ ಕೇಳುತ್ತಿದ್ದರು."